ಹಸಿ ಬಾಣಂತಿಯ ನಿಘಂಟು

ಮಗಳು ಹುಟ್ಟಿ ಐದು ದಿನವಾಗಿತ್ತು. ಚಿತ್ರದುರ್ಗದ ಆಸ್ಪತ್ರೆಯಿಂದ ಹೊರಟು ಹಿರಿಯೂರು ದಾಟಿ ಹರಿಯಬ್ಬೆಯ ತವರುಮನೆ ಸೇರಿದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ದೃಷ್ಟಿ ತೆಗೆದಳು. ನಾನು ಹೊಸ್ತಿಲು ದಾಟುವ ಮೊದಲೇ ಎರಡು ಹತ್ತಿಯುಂಡೆ ಮಾಡಿ ನನ್ನ ಕಿವಿಗೆ ತುರುಕಿದಳು. ಅದರ ಮೇಲೆ ಅಪ್ಪನ ಹಳೇ ಟವೆಲ್ಲನ್ನು ತಲೆಗೆ ಬಿಗಿದು ಕಟ್ಟಿದಳು.

“ಹಸಿ ಮೈ ಕಣವ್ವ. ಗಾಳಿ ಹೊಕ್ಕಂಡ್ರೆ ಮುದುಕಿ ಆಗೋತಂಕ ಬಿಡಲ್ಲ.”

ಆ ದಿನದಿಂದ ನನಗೆ ಬೇರೆ ಹೆಸರೇ ಇಲ್ಲದಂತಾಯಿತು. ಕಿಟಕಿ ತೆಗೆಯಬೇಡ, ಹಸಿ ಮೈ. ಫೋನ್ ನೋಡಬೇಡ, ಹಸಿ ಕಣ್ಣು. ತಣ್ಣೀರು ಮುಟ್ಟಬೇಡ, ಜೋರಾಗಿ ಮಾತಾಡಬೇಡ, ನೆಲಕ್ಕೆ ಬರಿಗಾಲಿಡಬೇಡ, ಹಸಿ ಬಾಣಂತಿ. ಅಮ್ಮ ಅಂಗನವಾಡಿ ಕಾರ್ಯಕರ್ತೆ. ಊರಿನ ಬಾಣಂತಿಯರಿಗೆಲ್ಲ ಸರ್ಕಾರದ ಬುದ್ಧಿಮಾತು ಹೇಳಿ ಸಂಜೆ ಮನೆಗೆ ಬಂದು, ತನ್ನ ಮಗಳ ವಿಷಯದಲ್ಲಿ ಅತ್ತೆಯ ಮುಂದೆ ಬಾಯಿ ತೆಗೆಯುತ್ತಿರಲಿಲ್ಲ. ಹಾಗಾಗಿ ಹಗಲೆಲ್ಲ ಅಜ್ಜಿಯದೇ ರಾಜ್ಯಭಾರ.

ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂವು ಹೂವಾಯಿತು ಎಂದು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆದರೆ ‘ಹಸಿ’ ಎಂಬ ಎರಡಕ್ಷರದ ಬಗ್ಗೆ ಅಲ್ಲಿಯವರೆಗೆ ಒಂದು ನಿಮಿಷವೂ ಯೋಚಿಸಿದವಳಲ್ಲ. ಯೋಚಿಸುವಂತೆ ಮಾಡಿದವಳು ಚಿಕ್ಕಜ್ಜಿ.

ಚಿಕ್ಕಜ್ಜಿ ಎಂದರೆ ಅಜ್ಜಿಯ ತಂಗಿ. ಅವಳನ್ನು ಆಂಧ್ರದ ಗಡಿ ದಾಟಿ ಮಡಕಶಿರಾ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಐವತ್ತು ವರ್ಷ ಅಲ್ಲಿದ್ದು ಅವಳ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಬಿದ್ದಿತ್ತು. ಕೂಸಿಗೆ ನೀರೆರೆಯುವುದರಲ್ಲಿ ಅವಳ ಕೈ ಪಳಗಿದ್ದು. ಅದಕ್ಕೇ ಅವಳನ್ನು ಕರೆಸಿದ್ದರು. ಕೂದಲಿಗೆ ಮೆಹಂದಿ ಹಚ್ಚಿ ಕೆಂಪಗೆ ಮಾಡಿಕೊಂಡು, ಒಂದು ಚೀಲ, ಒಂದು ಎಲೆಅಡಿಕೆ ಡಬ್ಬಿ ಹಿಡಿದುಕೊಂಡು ನಾನು ಬಂದ ಸಂಜೆಯೇ ಬಸ್ಸಿಳಿದಳು.

ಮಾರನೇ ದಿನ ಬೆಳಿಗ್ಗೆ ಅವಳು ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಬಟ್ಟೆ ಬಿಚ್ಚಿದಳು. ನಾನು ಕೋಣೆಯಲ್ಲಿದ್ದೆ. ಕಿವಿಯ ಹತ್ತಿ ದಾಟಿ ಅವಳ ಮಾತು ಹೀಗೆ ಕೇಳಿಸಿತು:

“ಅಕ್ಕಯ್ಯ, ಕೂಸು ಪಚ್ಚಗೈತಲ್ಲೇ.”

ನನ್ನ ತಲೆಯಲ್ಲಿ ಪಚ್ಚೆ ಎಂದರೆ ಪಚ್ಚೆಕಲ್ಲು, ಪಚ್ಚೆಪೈರು. ಅಂದರೆ ನನ್ನ ಮಗಳು ಹಸಿರಾಗಿದ್ದಾಳೆ. ಹೊಟ್ಟೆಯ ಹೊಲಿಗೆಯನ್ನು ಕೈಯಲ್ಲಿ ಅದುಮಿಕೊಂಡು, ತಲೆಯ ಟವೆಲ್ ಜಾರುತ್ತಿದ್ದಂತೆ ಬಚ್ಚಲಿಗೆ ಓಡಿದೆ. ಓಡಿದೆ ಎನ್ನುವುದು ನನ್ನ ಲೆಕ್ಕ. ಅಪ್ಪ ಆಮೇಲೆ ಹೇಳಿದ ಪ್ರಕಾರ ಬಾತುಕೋಳಿ ನಡೆದಂತಿತ್ತಂತೆ.

“ಎಲ್ಲಿ, ಎಲ್ಲಿ ಹಸಿರಾಗಿದೆ?”

ಚಿಕ್ಕಜ್ಜಿ ಮೇಲೆ ನೋಡಿದಳು. “ಹಸಿರು ಅಂತ ಯಾರಂದ್ರು? ಪಚ್ಚಗೈತೆ ಅಂದೆ. ಅರಿಶಿಣ ಸವರಿದಂಗೆ.”

“ಪಚ್ಚೆ ಅಂದ್ರೆ ಹಸಿರಲ್ವಾ?”

“ಹಸಿರೂ ಪಚ್ಚನೇ, ಹಳದೀನೂ ಪಚ್ಚನೇ. ಎಲೆ ಹಂಗಿದ್ರೆ ಆಕುಪಚ್ಚ ಅಂತೀವಿ. ಇದು ಕಾಮಾಲೆ ಪಚ್ಚ.”

ಅಜ್ಜಿ ತಂಗಿಯ ಮೇಲೆ ರೇಗಿದಳು. “ಲೇ, ಹಳದಿ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಹಸಿ ಮೈ ಹುಡುಗೀನ ಓಡಿಸಿಬಿಟ್ಟೆ.”

ಆಗ ನನಗೆ ನಗು ಬಂತು. ಆರು ದಿನ ಸರಿಯಾಗಿ ನಿದ್ದೆ ಮಾಡದ ತಲೆಗೆ ನಗು ಹೆಂಡದಂತೆ ಏರುತ್ತದೆ. ನಕ್ಕರೆ ಹೊಲಿಗೆ ಎಳೆಯುತ್ತದೆ, ಎಳೆದರೆ ನೋವು, ನೋವಿಗೆ ಅಳು, ಅಳುತ್ತಿರುವುದನ್ನು ನೆನೆದು ಮತ್ತೆ ನಗು. ಗೋಡೆ ಹಿಡಿದು ನಿಂತು “ನಗಿಸಬೇಡ್ರಿ, ಹೊಲಿಗೆ, ಹೊಲಿಗೆ” ಎನ್ನುತ್ತಿದ್ದೆ. ಯಾರೂ ನಗಿಸುತ್ತಿರಲಿಲ್ಲ.

ಅಪ್ಪ ತಡಮಾಡಲಿಲ್ಲ. ಪರಿಚಯದ ಆಟೋ ಕರೆಸಿ ನಮ್ಮನ್ನು ಹಿರಿಯೂರಿಗೆ ಕರೆದೊಯ್ದ. ಅಲ್ಲಿನ ಮಕ್ಕಳ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಕಾಮಾಲೆ ಸ್ವಲ್ಪವೇ ಇದೆ, ಮೇಲಿಂದ ಮೇಲೆ ಹಾಲು ಕೊಡಿ, ಎರಡು ದಿನ ಬಿಟ್ಟು ಮತ್ತೆ ತೋರಿಸಿ ಎಂದರು. ವಾರದೊಳಗೆ ಮಗಳ ಬಣ್ಣ ತಿಳಿಯಾಯಿತು. ನನಗೆ ಹಿಡಿದ ಪದದ ಹುಚ್ಚು ಮಾತ್ರ ಬಿಡಲಿಲ್ಲ.

ಹಿರಿಯೂರಿಂದ ಬಂದ ದಿನವೇ ಮಧ್ಯಾಹ್ನ ಮಗುವಿಗೆ ಹಾಲು ಕೊಡುತ್ತಾ ಕೂತಾಗ ಹೊಳೆಯಿತು. ಹಳಗನ್ನಡದಲ್ಲಿ ಹಸಿ ಎಂಬುದು ಪಸಿ. ಹಸಿರು ಎಂಬುದು ಪಸುರ್. ಹಸಿಗೆ ಚಿಕ್ಕಜ್ಜಿಯ ತೆಲುಗು ಹೇಳುವ ಪಚ್ಚಿ, ಹಸಿರಿಗೆ ಹೇಳುವ ಪಚ್ಚ, ಎರಡೂ ಅದೇ ಬಳ್ಳಿಯ ಕಾಯಿಗಳು. ಹಸುಗೂಸು, ಹಸುಳೆ ಎನ್ನುವಾಗಿನ ‘ಹಸು’ ಕೂಡ ಅದೇ. ಅಂದರೆ ಹಸಿ ಮೈಯ ನಾನು, ನನ್ನ ತೊಡೆಯ ಮೇಲಿನ ಹಸುಗೂಸು, ಕಿಟಕಿಯ ಸಂದಿಯಲ್ಲಿ ಕಾಣುವ ಹಸಿರು ಬೇವು, ಮೂವರೂ ಒಂದೇ ಮನೆತನ. ಇದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುವಂತಾಯಿತು. ಹೊಲಿಗೆ ಬೇರೆ ಇತ್ತು.

ಚಿಕ್ಕಜ್ಜಿಗೆ ಹೇಳಿದೆ. ಅವಳು ಅಡಿಕೆ ಕತ್ತರಿಸುತ್ತಾ ಪೂರ್ತಿ ಕೇಳಿಸಿಕೊಂಡಳು.

“ಹಂಗಾದ್ರೆ ನಮ್ಮ ಹತ್ರ ‘ಪ’ ಇನ್ನೂ ಐತೆ. ನೀವು ಎಲ್ಲಿ ಕಳ್ಕಂಡ್ರಿ?”

ಬಾಗಿಲ ಹೊರಗಿದ್ದ ಅಜ್ಜಿ ಉತ್ತರ ಕೊಟ್ಟಳು. “ನಾವ್ಯಾಕೆ ಕಳ್ಕಂತೀವಿ? ನಿಮ್ಮ ಕಡೇರು ಕದ್ದವ್ರೆ.”

ನಾನು ಮತ್ತೆ ಗೋಡೆ ಹಿಡಿದೆ.

ಒಂದು ಹಳೇ ಡೈರಿಯಲ್ಲಿ ಬರೆಯಲು ಶುರು ಮಾಡಿದೆ. ಕೂಸು ನೋಡಲು ಬಂದವರೆಲ್ಲ ಒಂದು ‘ಹಸಿ’ ಪದ ಕೊಟ್ಟೇ ಒಳಗೆ ಬರಬೇಕು ಎಂದು ಸುಂಕ ವಿಧಿಸಿದೆ. ಮೊದಲು ಎಲ್ಲರೂ ಬಾಣಂತಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಆಮೇಲೆ ಊರಿಗೇ ರುಚಿ ಹತ್ತಿತು. ಪಕ್ಕದ ಮನೆಯಾಕೆ ಹಸಿಮೆಣಸಿನಕಾಯಿ, ಹಸಿಶುಂಠಿ ಕೊಟ್ಟು ಸುಲಭಕ್ಕೆ ಪಾರಾದಳು. ಮನೆ ಕಟ್ಟಿಸುತ್ತಿದ್ದವನೊಬ್ಬ ಹಸಿ ಇಟ್ಟಿಗೆ, ಹಸಿ ಗೋಡೆ ಎಂದ. ಕುರಿ ಕಾಯುವ ಒಬ್ಬ ಮುದುಕಪ್ಪ ಕಂಬಳಿ ಹೊದ್ದು ಜಗಲಿಯ ಮೇಲೇ ಕೂತು, ಬಾಣಂತಿ ಕೋಣೆಯ ಕಡೆ ಮುಖ ಹಾಕದೆ ಕೂಗಿ ಹೇಳಿದ:

“ಬರ್ಕಳವ್ವ. ಕುರಿ ಈದ ವಾರ ಅದೂ ಹಸಿ ಮೈನೇ. ಅದುಕ್ಕೆ ಟವಲ್ ಕಟ್ಟಕ್ಕಾಗಲ್ಲ, ಅಷ್ಟೇ.”

ಚಿಕ್ಕಜ್ಜಿ ಹೊಗೆ ಹಾಕುತ್ತಿದ್ದ ಸಾಂಬ್ರಾಣಿ ಬಟ್ಟಲನ್ನು ಕೆಳಗಿಟ್ಟು ನಕ್ಕಳು. ಅಜ್ಜಿ ನಗಲಿಲ್ಲ. ಕುರಿಯೊಂದಿಗೆ ಹೋಲಿಸಿದ್ದು ಅವಳಿಗೆ ಹಿಡಿಸಲಿಲ್ಲ.

ಅಪ್ಪನ ಪದ ಎಲ್ಲಕ್ಕಿಂತ ಚೆನ್ನಾಗಿತ್ತು. ಹೊಲದಿಂದ ಬಂದು ಕೈಕಾಲು ತೊಳೆದು ಬಾಗಿಲಲ್ಲಿ ನಿಂತು “ಹಸಿ ಸುಳ್ಳು” ಎಂದ. ಸುಳ್ಳಿಗೆ ಯಾಕೆ ಹಸಿ ಅಂತೀವಿ ಎಂದು ಕೇಳಿದೆ. ಹಸಿಹಸಿಯಾಗಿ ಆಗಷ್ಟೇ ಹುಟ್ಟಿದ್ದಕ್ಕೆ ಹಾಗೆನ್ನುತ್ತಾರೆ ಎಂಬುದು ನನ್ನ ಊಹೆ.

“ಅಲ್ಲ” ಎಂದ ಅಪ್ಪ. “ಸುಳ್ಳು ಹೇಳೋರು ಅದನ್ನ ನಾಕು ದಿನ ಬೇಯಿಸ್ತಾರೆ. ಉಪ್ಪು ಖಾರ ಹಾಕ್ತಾರೆ. ಅಂಥದ್ದು ಉಣ್ಣಬಹುದು. ಬೇಯಿಸದಲೇ ತಂದು ಬಡಿಸಿದ್ರೆ ಹಸಿ ಸುಳ್ಳು. ಬಾಯಿಗಿಡೋಕೆ ಮೊದ್ಲೇ ವಾಸನೆ ಬರ್ತೈತೆ.”

ಇದು ಯಾವ ನಿಘಂಟಿನಲ್ಲೂ ಇಲ್ಲ. ಆದರೆ ಇದನ್ನು ಬರೆದುಕೊಂಡ ಮೇಲೆ ಉಳಿದ ಪದಗಳೂ ಸಾಲಾಗಿ ಅರ್ಥವಾದವು. ಒಲೆ ಕಾಣದ ತರಕಾರಿ ಹಸಿ, ಕುಂಬಾರನ ಆವಿಗೆ ಕಾಣದ ಮಡಕೆ ಹಸಿ, ಬಿಸಿಲು ಕಾಣದ ಕಟ್ಟಿಗೆ ಹಸಿ, ಕಾಲ ಕಾಣದ ಗಾಯ ಹಸಿ. ಇನ್ನೂ ಏನೋ ಒಂದನ್ನು ಹಾಯ್ದು ಬರಬೇಕಾದದ್ದೆಲ್ಲ ಹಸಿ. ಹಾಗೆ ನೋಡಿದರೆ ನನ್ನನ್ನು ಹಸಿ ಎಂದು ಕರೆಯುವುದರಲ್ಲಿ ಅಜ್ಜಿಯ ತಪ್ಪೇನೂ ಇರಲಿಲ್ಲ.

ನನ್ನ ಗಂಡನ ಊರು ಹೊಸದುರ್ಗದ ಬಾಗೂರು. ಅವರಿಗೆ ಹೊಳಲ್ಕೆರೆಯ ಪಶು ಆಸ್ಪತ್ರೆಯಲ್ಲಿ ಕೆಲಸ. ಭಾನುವಾರ ಬಂದವರಿಗೂ ಸುಂಕ ತಪ್ಪಲಿಲ್ಲ. ಮಗಳನ್ನು ಎತ್ತಿಕೊಂಡು ಬಹಳ ಯೋಚಿಸಿ “ಹಸು” ಎಂದರು.

“ಅದು ನಡೆಯಲ್ಲ” ಎಂದೆ. “ಹಾಲು ಕೊಡೋ ಹಸು ಸಂಸ್ಕೃತದ ಪಶುವಿಂದ ಬಂದದ್ದು. ಹಸುಗೂಸಿನ ಹಸು ಬೇರೆ.”

“ಎರಡೂ ಹಸು ಈ ಕೋಣೇಲೇ ಅವೆ. ನಂಗೇನೂ ವ್ಯತ್ಯಾಸ ಕಾಣ್ತಿಲ್ಲ” ಎಂದು ನನ್ನನ್ನೂ ಮಗಳನ್ನೂ ನೋಡಿದರು. ನಾನು ದಿಂಬೆಸೆದೆ. ಹಸಿ ಮೈಯವರು ದಿಂಬು ಎಸೆಯಬಾರದೆಂದು ಅಜ್ಜಿ ಅದನ್ನೂ ಕಿತ್ತುಕೊಂಡು ಹೋದಳು.

ಹಸಿವಿನ ವಿಷಯದಲ್ಲಿ ನಾನೇ ಸೋತೆ. ಹಸಿವೂ ಹಸಿಯಿಂದಲೇ ಬಂದಿರಬೇಕೆಂದು ಖಂಡಿತವಾಗಿ ನಂಬಿದ್ದೆ. ಕಾಲೇಜಿನ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ಗ್ರಂಥಾಲಯದ ದೊಡ್ಡ ನಿಘಂಟು ತೆಗೆಸಿದೆ. ಅವರು ಓದಿ ಹೇಳಿದರು: ಹಳಗನ್ನಡದಲ್ಲಿ ಎರಡೂ ಪಸಿಯೇ. ಆದರೆ ಹೊಟ್ಟೆ ಹಸಿಯುವ ಪಸಿ ಬೇರೆ, ಬೇಯದ ಪಸಿ ಬೇರೆ. ಬೇರೆ ಬೇರೆ ಬೇರು. ನನಗೆ ಒಪ್ಪಲು ಮನಸ್ಸಾಗಲಿಲ್ಲ. ಯಾಕೆಂದರೆ ಆ ಹೊತ್ತಿಗೆ ನನ್ನ ಹಸಿವೆಲ್ಲ ಹಸಿಯಾದದ್ದರ ಮೇಲೇ ಇತ್ತು.

ದಿನಕ್ಕೆ ಮೂರು ಹೊತ್ತೂ ಮೆತ್ತಗೆ ಬೆಂದ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ತುಪ್ಪ. ರುಚಿಯಾಗಿಯೇ ಇತ್ತು. ಮೂರನೇ ವಾರಕ್ಕೆ ಮಾತ್ರ ನನ್ನ ಹಲ್ಲುಗಳು ಏನನ್ನಾದರೂ ಕಟುಮ್ ಎಂದು ಕಡಿಯಬೇಕೆಂದು ಹಟ ಹಿಡಿದವು. ಅದು ಶೇಂಗಾ ಕೀಳುವ ಕಾಲ. ಅಪ್ಪನ ಹೊಲದಲ್ಲಿ ಶೇಂಗಾ ನಡುವೆ ಹಬ್ಬಿದ ಬಳ್ಳಿಗಳಲ್ಲಿ ಎಳೇ ಸೌತೆಕಾಯಿ. ಅಪ್ಪ ಅವನ್ನು ಟವೆಲ್ಲಿನಲ್ಲಿ ಕಟ್ಟಿ ತಂದು ಪಡಸಾಲೆಯಲ್ಲಿ ಸುರಿಯುತ್ತಿದ್ದ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಉಳಿದವರು ಅದಕ್ಕೆ ಉಪ್ಪು ಖಾರ ಸವರಿಕೊಂಡು ಕಡಿಯುವ ಸದ್ದು ಹತ್ತಿಯನ್ನೂ ತೂರಿ ಬರುತ್ತಿತ್ತು.

“ಒಂದೇ ಒಂದು ಹೋಳು, ಅಜ್ಜಿ.”

“ಹಸಿ ಮೈಗೆ ಹಸೀದು ಬಿದ್ರೆ ಕೂಸಿಗೆ ಶೀತ ಆಗ್ತೈತೆ. ಹೊಟ್ಟೆ ನೋವು ಬರ್ತೈತೆ. ನಿಂಗೆ ಕೂಸು ಬೇಕೋ ಸೌತೆಕಾಯಿ ಬೇಕೋ?”

ಆ ಪ್ರಶ್ನೆಗೆ ಒಂದು ಕ್ಷಣ ತಡವಾಗಿ ಉತ್ತರ ಕೊಟ್ಟೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಮಗಳಿಗೆ ಒಂದು ತಿಂಗಳು ತುಂಬಿದ ಮಾರನೇ ದಿನ ಅಜ್ಜಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಚಿಕ್ಕಜ್ಜಿ ಕೋಣೆಗೆ ಬಂದು ಬಾಗಿಲು ಹಾಕಿ ಅಗುಳಿ ಜಡಿದಳು. ಸೆರಗಿನ ಮಡಿಲಿಂದ ಎರಡು ಎಳೇ ಸೌತೆಕಾಯಿ ತೆಗೆದಳು. ಒಂದು ಕಾಗದದ ಪೊಟ್ಟಣದಲ್ಲಿ ಉಪ್ಪುಖಾರವೂ ಇತ್ತು.

“ನಾನು ಐದು ಹೆತ್ತೀನಿ. ಐದು ಸಲಾನೂ ಕದ್ದು ತಿಂದೀನಿ. ಅಕ್ಕಯ್ಯನಿಗೆ ಗೊತ್ತಾಗೋ ಮೊದ್ಲು ತಿನ್ನು.”

ಹಲ್ಲು ಊರಿದೆ. ಆ ಸದ್ದು, ಆ ನೀರು, ಸಿಪ್ಪೆಯ ಒಗರು, ಖಾರ ಮೂಗಿಗೇರಿದ್ದು. ಇಬ್ಬರೂ ಬಾಯಿಗೆ ಸೆರಗು ಅಡ್ಡ ಹಿಡಿದು ಕದ್ದು ತಿನ್ನುವ ಮಕ್ಕಳಂತೆ ಅಗಿದೆವು. ನನ್ನ ಕಣ್ಣಲ್ಲಿ ನೀರು ಸುರಿಯಿತು. ಚಿಕ್ಕಜ್ಜಿ ನೆಲಕ್ಕೆ ಬಿದ್ದ ತೊಟ್ಟು, ಬೀಜಗಳನ್ನು ಒಂದೊಂದಾಗಿ ಹೆಕ್ಕಿ ಎಲೆಅಡಿಕೆ ಡಬ್ಬಿಯಲ್ಲಿ ಹಾಕಿಕೊಂಡಳು. “ಸಾಕ್ಷಿ ಉಳಿಸಬಾರದು” ಎಂದಳು. ಅದಕ್ಕೂ ನಕ್ಕು ನಕ್ಕು, ಅಜ್ಜಿ ಬರುವ ಹೊತ್ತಿಗೆ ಇಬ್ಬರಿಗೂ ಬಿಕ್ಕಳಿಕೆ ಹತ್ತಿತ್ತು.

ಮಾರನೇ ದಿನ ಹತ್ತು ಗಂಟೆಗೆ ಮಗಳು ಅಳಲು ಶುರು ಮಾಡಿದಳು. ಚಿಕ್ಕಜ್ಜಿ ಎರೆದ ಮೇಲೆ ಅಜ್ಜಿ ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದ ಸ್ವಲ್ಪ ಹೊತ್ತಿಗೆ ಎದ್ದು ಕಿರುಚಿದಳು. ಹಾಲು ಹಿಡಿಯಲಿಲ್ಲ. ಎತ್ತಿಕೊಂಡರೂ ಬಿಡಲಿಲ್ಲ, ತಟ್ಟಿದರೂ ಬಿಡಲಿಲ್ಲ. ಹನ್ನೊಂದು ಗಂಟೆಗೆ ಅವಳ ದನಿ ಕಟ್ಟಿತು. ಅಜ್ಜಿ ದೃಷ್ಟಿ ತೆಗೆದಳು, ಹೊಟ್ಟೆಗೆ ಇಂಗಿನ ನೀರು ಸವರಿದಳು. ಮಗಳ ಮುಖ ಕೆಂಪಾಗಿ ಕಪ್ಪಿಡುತ್ತಿತ್ತು. ನನ್ನ ನಗುವೆಲ್ಲ ಎಲ್ಲಿ ಹೋಯಿತೋ. ತಡೆಯಲಾಗದೆ ಹೇಳಿಬಿಟ್ಟೆ.

“ಅಜ್ಜಿ, ನಿನ್ನೆ ಸೌತೆಕಾಯಿ ತಿಂದೆ.”

ಅಜ್ಜಿ ನನ್ನನ್ನು ನೋಡಿದಳು. ಆಮೇಲೆ ತಂಗಿಯನ್ನು ನೋಡಿದಳು. ಚಿಕ್ಕಜ್ಜಿ ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಡೀರಿ, ಹಿರಿಯೂರಿಗೆ ಹೋಗಾಣ” ಎಂದಷ್ಟೇ ಹೇಳಿದಳು.

ಆಟೋದಲ್ಲಿ ನಾವು ಮೂವರು, ಮಡಿಲಲ್ಲಿ ಮಗಳು, ಮುಂದೆ ಚಾಲಕನ ಪಕ್ಕ ಅರ್ಧ ಹೊರಗೆ ಜೋತುಬಿದ್ದ ಅಪ್ಪ. ನಾನು ಇನ್ನು ಜನ್ಮದಲ್ಲಿ ಸೌತೆಕಾಯಿ ಮುಟ್ಟುವುದಿಲ್ಲವೆಂದು ದಾರಿಯಲ್ಲಿ ಕಂಡ ಪ್ರತಿ ಗುಡಿಗೂ ಹರಕೆ ಹೊತ್ತೆ.

ಡಾಕ್ಟರಮ್ಮ ಮಗುವನ್ನು ಮೇಜಿನ ಮೇಲೆ ಮಲಗಿಸಿಕೊಂಡು ಹೊಟ್ಟೆ ಅದುಮಿ ನೋಡಿದರು, ಕಿವಿ ನೋಡಿದರು. ನೋಡುತ್ತಲೇ “ತಾಯಿ ಏನು ಊಟ ಮಾಡ್ತಿದ್ದಾರೆ?” ಎಂದು ಕೇಳಿದರು. ರೂಢಿಯ ಪ್ರಶ್ನೆ ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಮುಂದೆ ಬಂದಳು.

“ಅನ್ನ, ಸಾರು, ಬೆಳ್ಳುಳ್ಳಿ. ಹಸೀದು ಅಂಬೋದನ್ನ ಈ ಹುಡುಗಿ ಕಣ್ಣೆತ್ತಿ ಸೈತ ನೋಡಿಲ್ಲ ಕಣವ್ವ.”

ಅಪ್ಪ ಗಂಟಲು ಸರಿಮಾಡಿಕೊಂಡ. ನಾನು ಹುಟ್ಟಿದಾಗಿನಿಂದ ಅಜ್ಜಿ ಸುಳ್ಳು ಹೇಳಿದ್ದನ್ನು ಕೇಳಿರಲಿಲ್ಲ. ಮೊಮ್ಮಗಳ ಮಾನ ಹೊರಗಿನವರ ಮುಂದೆ ಹೋಗಬಾರದೆಂದು ಅವಳು ಅಷ್ಟು ದೊಡ್ಡ ಸುಳ್ಳನ್ನು, ಒಲೆಯ ಬಿಸಿಯನ್ನೂ ತೋರಿಸದೆ, ಮೇಜಿನ ಮೇಲಿಟ್ಟುಬಿಟ್ಟಿದ್ದಳು.

“ಯಾಕೆ ನೋಡಿಲ್ಲ?” ಎಂದರು ಡಾಕ್ಟರಮ್ಮ, ತಲೆ ಎತ್ತದೆ. “ಸೊಪ್ಪು, ತರಕಾರಿ, ಹಣ್ಣು, ಸೌತೆಕಾಯಿ ಎಲ್ಲಾ ತಿನ್ನಬೇಕು. ತೊಳೆದು ತಿಂದರೆ ಆಯ್ತು.”

ಅಜ್ಜಿಯ ಮುಖ ನೋಡಬೇಕಿತ್ತು. ಆದರೆ ನೋಡಲು ಸಮಯವಿರಲಿಲ್ಲ. ಡಾಕ್ಟರಮ್ಮ ಮಗುವಿನ ಕಾಲಿನ ಬಟ್ಟೆ ಪೂರ್ತಿ ಬಿಚ್ಚಿ “ಓ” ಎಂದರು. ಎಡಗಾಲಿನ ಎರಡನೇ ಬೆರಳು ದ್ರಾಕ್ಷಿಯಂತೆ ಕೆಂಪಗೆ ಊದಿತ್ತು. ಭೂತಗನ್ನಡಿ ಹಿಡಿದು, ಚಿಮಟ ತೆಗೆದುಕೊಂಡು, ಸಣ್ಣ ಕತ್ತರಿಯಿಂದ ಏನನ್ನೋ ಕತ್ತರಿಸಿ, ನಿಧಾನವಾಗಿ ಎಳೆದರು. ಬೆರಳಿಗೆ ಎರಡು ಸುತ್ತು ಬಿಗಿದುಕೊಂಡಿದ್ದ ಒಂದು ಕೂದಲು ಹೊರಬಂತು.

“ಇದೇ ನೋಡಿ. ಬಟ್ಟೆ ಸುತ್ತುವಾಗ ಸಿಕ್ಕಿಕೊಂಡಿರುತ್ತೆ. ಬೇಗ ಕರಕೊಂಡು ಬಂದಿದ್ದು ಒಳ್ಳೆಯದಾಯ್ತು. ಯಾರದು ಈ ಕೂದಲು?”

ಅವರು ಅದನ್ನು ಬೆಳಕಿಗೆ ಹಿಡಿದರು. ಉದ್ದಕ್ಕಿತ್ತು. ಬೆಳ್ಳಗಿತ್ತು.

ನನ್ನ ಕೂದಲು ಕಪ್ಪು. ಚಿಕ್ಕಜ್ಜಿಯದು ಮೆಹಂದಿಯ ಕೆಂಪು. ನಾವಿಬ್ಬರೂ ಒಟ್ಟಿಗೆ ಅಜ್ಜಿಯ ಕಡೆ ತಿರುಗಿದೆವು. ಅಜ್ಜಿ ಸೆರಗನ್ನು ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡಳು.

ಮಗಳು ಅಷ್ಟರಲ್ಲಿ ಅಳು ನಿಲ್ಲಿಸಿದ್ದಳು. ಒಂದು ದೊಡ್ಡ ಉಸಿರು ಬಿಟ್ಟು, ಗದ್ದ ನಡುಗಿಸಿ, ಹಾಲಿಗೆ ಬಾಯಿ ತೆರೆದಳು. ಹೊರಗಿನ ಬೆಂಚಿನ ಮೇಲೆ ಕೂತು ಅವಳಿಗೆ ಹಾಲು ಕೊಟ್ಟೆ. ಚಿಕ್ಕಜ್ಜಿ ಪಕ್ಕದಲ್ಲಿ ಗಂಭೀರವಾಗಿ ಕೂತಿದ್ದಳು. ಅವಳ ಹೊಟ್ಟೆ ಮಾತ್ರ ಕುಲುಕುತ್ತಿತ್ತು. ಅಪ್ಪ ಗೋಡೆಯ ಕಡೆ ತಿರುಗಿ ಲಸಿಕೆಯ ಬೋರ್ಡನ್ನು ಬಹಳ ಹೊತ್ತು ಓದಿದ.

ಕೊನೆಗೆ ಅಜ್ಜಿಯೇ ಮಾತಾಡಿದಳು.

“ನಗ್ರಿ. ನಗೋದಿದ್ರೆ ನಗ್ರಿ. ಯಾಕೆ ಹೊಟ್ಟೆ ಒಳಗೆ ಇಟ್ಕಂಡು ಕುಂತೀರಿ?”

ಅಷ್ಟೇ ಸಾಕಾಯಿತು. ಬೆಂಚು ಅಲುಗಾಡುವಂತೆ ನಕ್ಕೆವು. ಸಾಲಿನಲ್ಲಿ ಕೂತ ಬೇರೆ ತಾಯಂದಿರು ಏನೆಂದು ತಿಳಿಯದೆಯೇ ನಗತೊಡಗಿದರು. ಅಜ್ಜಿ ಮೊದಮೊದಲು ಸೆರಗಿನ ಮರೆಯಲ್ಲಿ ನಕ್ಕಳು. ಆಮೇಲೆ ಸೆರಗು ಬಿಟ್ಟು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಾಗ ಅವಳು ನಿಜವಾಗಿ ಅಳುತ್ತಿದ್ದಾಳೆಂದು ನನಗೆ ಕಂಡಿತು. ಮಗಳ ಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದು, ಆ ಬೆರಳಿಗೆ ಮೆಲ್ಲಗೆ ಊದುತ್ತಾ “ತಪ್ಪಾತು ಕಣವ್ವ” ಎಂದಳು. ತಿಂಗಳ ಕೂಸಿಗೆ ಅಷ್ಟು ಮರ್ಯಾದೆಯಿಂದ ಯಾರೂ ಕ್ಷಮೆ ಕೇಳಿದ್ದನ್ನು ನಾನು ನೋಡಿಲ್ಲ. ನಾನು ಅವಳ ಭುಜಕ್ಕೆ ತಲೆ ಒರಗಿಸಿದೆ. ಹೊಲಿಗೆ ಅಷ್ಟೊಂದು ನೋಯಲಿಲ್ಲ.

ಚಿಕ್ಕಜ್ಜಿ ಮುಂದಿನ ವಾರ ಊರಿಗೆ ಹೊರಟಳು. ಹೊರಡುವ ಮುಂಚೆ ಅಕ್ಕತಂಗಿಯರಿಬ್ಬರೂ ಜಗಲಿಯಲ್ಲಿ ಕೂತು ಒಂದೇ ಡಬ್ಬಿಯಿಂದ ಎಲೆ ಹಾಕಿಕೊಂಡರು. ಅಜ್ಜಿ ತನ್ನ ಜಡೆ ಬಿಚ್ಚಿ ತಂಗಿಯ ಮುಂದೆ ಕೂತಿದ್ದಳು. ಚಿಕ್ಕಜ್ಜಿ ಎಣ್ಣೆ ಹಚ್ಚಿ, ಬಾಚಿ, ಒಂದೂ ಎಳೆ ಹೊರಗೆ ಬರದಂತೆ ಬಿಗಿಯಾಗಿ ಗಂಟು ಹಾಕಿದಳು. “ಮೆಹಂದಿ ಹಚ್ಚಲೇನೇ ಅಕ್ಕಯ್ಯ, ನಂದೋ ನಿಂದೋ ಗೊತ್ತಾಗಲ್ಲ” ಎಂದಳು. ಅಜ್ಜಿ ಬೇಡವೆನ್ನಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಗಂಡ ಬಂದು ನಮ್ಮನ್ನು ಹೊಳಲ್ಕೆರೆಗೆ ಕರೆದುಕೊಂಡು ಹೋದರು. ಬೀಳ್ಕೊಡಲು ಬಸ್‌ಸ್ಟಾಂಡಿಗೆ ಬಂದ ಅಜ್ಜಿಯ ತಲೆ ದಾಸವಾಳದಂತೆ ಕೆಂಪಾಗಿತ್ತು. ಊರವರು ತಿರುತಿರುಗಿ ನೋಡುತ್ತಿದ್ದರು. ಬಸ್ಸು ಹೊರಟಾಗ ಮಗಳನ್ನು ಕಿಟಕಿಗೆ ಎತ್ತಿ ಹಿಡಿದೆ. ಅವಳು ಅಷ್ಟು ದೊಡ್ಡ ಕೆಂಪನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.